ಬೀದಿಗೆ ಮುಖಮಾಡಿದ ಮರದ ಮಂಟಪಗಳು

ಪೆಸಿಫಿಕ್ ಸಾಗರದ ತೀರದಲ್ಲಿ, ನಡುಬೇಸಗೆಯಲ್ಲಿಯೂ ಮಂಜು ಹೊದ್ದು ನಿಲ್ಲುವ ಗುಡ್ಡಗಳ ಮೇಲೆ ಹಬ್ಬಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ, ವಿಕ್ಟೋರಿಯಾ ರಾಣಿಯ ಆಳಿಕೆಯ ಕೊನೆಯ ಮೂರು ದಶಕಗಳಲ್ಲಿ ಎದ್ದುನಿಂತ ಸಾಲುಮನೆಗಳಿಗೆಲ್ಲ ಒಂದೊಂದು ಮರದ ಮುಖಮಂಟಪವಿದೆ. ಅದರ ವಿಸ್ತಾರ ಅತ್ಯಲ್ಪ: ಬೀದಿಯಿಂದ ಹತ್ತು ಹನ್ನೆರಡು ಮೆಟ್ಟಿಲೇರಿದರೆ ಇಬ್ಬರು ಮೂವರು ನಿಲ್ಲುವಷ್ಟು ಹಲಗೆಯ ನೆಲ, ಎರಡು ಕಂಬ, ಅವುಗಳ ಮೇಲೊಂದು ಕಿರಿಯ ಮಾಡು, ಹಿಂದೆ ಜೋಡಿಬಾಗಿಲು, ಇಷ್ಟೆ. ನಮ್ಮ ಹಳೆಯ ಮನೆಗಳ ಜಗುಲಿಯಂತೆ ಸಂಜೆಯ ಹೊತ್ತು ಕುಳಿತು ಎಲೆಯಡಿಕೆ ಹಾಕಿಕೊಳ್ಳುವುದಕ್ಕಾಗಲಿ, ದಾರಿಹೋಕರನ್ನು ಕರೆದು ಮಾತಿಗೆ ಕೂಡಿಸುವುದಕ್ಕಾಗಲಿ ಅಲ್ಲಿ ಎಡೆಯಿಲ್ಲ. ಆ ಊರಿನ ಕುಳಿರ್ಗಾಳಿ ಅದಕ್ಕೆ ಅವಕಾಶವನ್ನೂ ಕೊಡದು. ಆದರೂ, ಮನೆಯ ಬೇರಾವ ಭಾಗಕ್ಕೂ ಸಲ್ಲದ ಅಲಂಕಾರವೆಲ್ಲ ಈ ಅಂಗೈಯಗಲದ ಸ್ಥಳದಲ್ಲಿ ಬಂದು ನೆರೆದಿದೆ. ಕಡೆದ ಕಂಬಗಳು, ಕಂಬದ ತಲೆಯಲ್ಲಿ ಎಲೆಬಳ್ಳಿಯ ಬೋದಿಗೆ, ಬೋದಿಗೆಯಿಂದ ಲೋವೆಯವರೆಗೆ ಬಾಗಿದ ಮದನಕೈ, ಮದನಕೈಗಳ ನಡುವೆ ಕಿರುಗಂಬಗಳ ಸಾಲು, ಅದರ ಮೇಲಿನ ತ್ರಿಕೋಣದಲ್ಲಿ ಅರ್ಧ ಉದಿಸಿದ ಸೂರ್ಯ, ಬಾಗಿಲಿನ ಮೇಲಣ ಗಾಜಿನಲ್ಲಿ ಹೊಂಬಣ್ಣದಿಂದ ಬರೆದ ಮನೆಯ ಅಂಕಿ.

ಈ ಮಂಟಪಗಳ ವಿಷಯವನ್ನು ಬರೆಯುವವರು ಸಾಮಾನ್ಯವಾಗಿ ಶೈಲಿಗಳ ವಂಶಾವಳಿಯನ್ನು ಹೇಳುತ್ತಾರೆ. ಅದು ಬೇಡವೆಂದಲ್ಲ, ಮುಂದೆ ನಾನೂ ಅದನ್ನು ಸ್ವಲ್ಪಮಟ್ಟಿಗೆ ಹೇಳಬೇಕಾದೀತು. ಆದರೆ ಅದಕ್ಕಿಂತ ಹೆಚ್ಚಾಗಿ ವಿಚಾರಾರ್ಹವಾದುದು ಬೇರೊಂದಿದೆ. ಅರಮನೆಗಳಿಗೂ ದೇವಾಲಯಗಳಿಗೂ ಮೀಸಲಾಗಿದ್ದ ಶಿಲ್ಪಾಲಂಕಾರವು ಒಬ್ಬ ಗುಮಾಸ್ತನ, ಒಬ್ಬ ಬಡಗಿಯ, ಒಬ್ಬ ಮಾಂಸದ ವ್ಯಾಪಾರಿಯ ಬಾಗಿಲಿಗೆ ಹೇಗೆ ಬಂದಿತು; ಬಂದ ಮಾತ್ರಕ್ಕೆ ರಸಜ್ಞರೆನಿಸಿಕೊಂಡವರ ಪರಿಹಾಸ್ಯಕ್ಕೆ ಅದು ಏಕೆ ಗುರಿಯಾಯಿತು; ಆ ಪರಿಹಾಸ್ಯವು ಕಾಲಕ್ರಮದಲ್ಲಿ, 1906ರ ಮಹಾಗ್ನಿಯು ಉಳಿಸಿಹೋದುದನ್ನು ಕೂಡ ಹೇಗೆ ಕೆಡವಿತು ಎಂಬುದು.

ಮರದ ಕಥೆಯಿಂದ ಆರಂಭಿಸುವುದು ಉಚಿತ. 1848ರ ಆದಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು ಒಂದು ಸಾವಿರ ಜನರಿದ್ದ ಬಂದರುಹಳ್ಳಿ. ಆ ವರ್ಷದ ಜನವರಿಯಲ್ಲಿ ಒಳನಾಡಿನ ಹೊಳೆಯೊಂದರಲ್ಲಿ ಚಿನ್ನ ಕಂಡಿತೆಂಬ ವಾರ್ತೆ ಹಬ್ಬಿದ್ದೇ ತಡ, ಭೂಮಂಡಲದ ನಾಲ್ದೆಸೆಗಳಿಂದ ಜನ ಹರಿದುಬಂದು, ಡೇರೆಗಳಲ್ಲಿಯೂ ಹಲಗೆಯ ಗುಡಿಸಲುಗಳಲ್ಲಿಯೂ ತುಂಬಿಕೊಂಡರು. ಇಂತಹ ಊರಿಗೆ ಬೆಂಕಿ ಬಿದ್ದರೆ ಏನಾಗಬೇಕೋ ಅದೇ ಆಯಿತು: 1849ರ ಡಿಸೆಂಬರಿನಿಂದ 1851ರ ಜೂನ್‌ವರೆಗಿನ ಒಂದೂವರೆ ವರ್ಷದಲ್ಲಿ ಆರು ಸಲ ಊರು ದೊಡ್ಡ ಪ್ರಮಾಣದಲ್ಲಿ ಸುಟ್ಟುಹೋಯಿತು. ಬುದ್ಧಿ ಕಲಿತ ವರ್ತಕರು ಇಟ್ಟಿಗೆಯ ಕಡೆಗೆ ತಿರುಗಿದರು. ಆದರೆ 1865ರಲ್ಲಿ ಒಮ್ಮೆ, 1868ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ನೆಲ ನಡುಗಿದಾಗ ಉರುಳಿದುದು ಆ ಇಟ್ಟಿಗೆಯ ಗೋಡೆಗಳೇ. ಬೆಂಕಿಗೆ ಹೆದರಿದರೆ ಭೂಕಂಪ, ಭೂಕಂಪಕ್ಕೆ ಹೆದರಿದರೆ ಬೆಂಕಿ ಎಂಬ ಉಭಯಸಂಕಟದಲ್ಲಿ ವಾಸದ ಮನೆಗಳವರು ಮರವನ್ನೇ ಆರಿಸಿಕೊಂಡರು; ಆರಿಸಿಕೊಳ್ಳಲು ಇನ್ನೂ ಬಲವಾದ ಕಾರಣವೆಂದರೆ ಅದು ಅಗ್ಗವಾಗಿದ್ದಿತು.

ಆ ಮರ ರೆಡ್‌ವುಡ್. ನಗರದ ಉತ್ತರಕ್ಕೆ, ಮೆಂಡೊಸಿನೊ ಮತ್ತು ಹಂಬೋಲ್ಟ್ ಸೀಮೆಗಳ ಕಡಲಂಚಿನ ಕಣಿವೆಗಳಲ್ಲಿ, ಮುನ್ನೂರು ಅಡಿಗೂ ಮೀರಿ ಬೆಳೆದು, ಸಾವಿರ ವರ್ಷಗಳ ವಯಸ್ಸನ್ನು ದಾಟಿದ ವೃಕ್ಷಗಳ ಅರಣ್ಯ ಅಲ್ಲಿದ್ದಿತು. ಅದರ ಚೇಗು ಕೆಂಪು, ಎಳೆ ನೇರ, ಗಂಟುಗಳು ವಿರಳ, ಗೆದ್ದಲಿಗೂ ತೇವಕ್ಕೂ ಸುಲಭವಾಗಿ ಸೋಲದು, ರಾಳ ಕಡಿಮೆಯಾದುದರಿಂದ ಪೈನಿನಂತೆ ಭಗ್ಗನೆ ಹೊತ್ತಿಕೊಳ್ಳದು, ಮಿಗಿಲಾಗಿ, ಉಳಿಗೂ ಗರಗಸಕ್ಕೂ ಬೆಣ್ಣೆಯಂತೆ ಒಳಪಡುತ್ತದೆ. ಆ ತೀರದಲ್ಲಿ ಹಡಗು ನಿಲ್ಲಲು ಒಳ್ಳೆಯ ಬಂದರುಗಳಿಲ್ಲ. ನಾಯಿಯೊಂದು ಒಳಹೊಕ್ಕು ಸುತ್ತು ತಿರುಗುವಷ್ಟೇ ಎಡೆಯಿದೆಯೆಂದು ನಾವಿಕರು ಹಾಸ್ಯಮಾಡುತ್ತಿದ್ದ ಸಣ್ಣ ಕೊಲ್ಲಿಗಳಲ್ಲಿ ಹಾಯಿಹಡಗುಗಳು ಹೊಯ್ದಾಡುತ್ತ ನಿಂತಿರಲು, ಮೇಲಿನ ಬಂಡೆಯ ಅಂಚಿನಿಂದ ಇಳಿಜಾರು ಜಾರುದೋಣಿಗಳಲ್ಲಿ ಹಲಗೆಗಳನ್ನು ಒಂದೊಂದಾಗಿ ಹಡಗಿನ ಅಟ್ಟದ ಮೇಲಕ್ಕೆ ಜಾರಿಸುತ್ತಿದ್ದರು. ಮೆಂಡೊಸಿನೊದಲ್ಲಿ 1852ರಲ್ಲಿ ಮರ ಕೊಯ್ಯುವ ಮಿಲ್ಲನ್ನು ಸ್ಥಾಪಿಸಿದವನು ಹೆನ್ರಿ ಮೀಗ್ಸ್ ಎಂಬ ಸಾಹಸಿ. ಎರಡು ವರ್ಷಗಳಲ್ಲಿ ಸಾಲದಲ್ಲಿ ಮುಳುಗಿ, ನಗರಸಭೆಯ ಹಣಪತ್ರಗಳನ್ನು ಸುಳ್ಳಾಗಿ ಸೃಷ್ಟಿಸಿ, 1854ರಲ್ಲಿ ಹಡಗೇರಿ ದಕ್ಷಿಣ ಅಮೆರಿಕಕ್ಕೆ ಓಡಿಹೋದ ಈ ಮಹಾಶಯನು ಅಲ್ಲಿ ಚಿಲಿ, ಪೆರು ದೇಶಗಳ ರೈಲುಹಾದಿಗಳನ್ನು ಕಟ್ಟಿಸಿ ಕೀರ್ತಿಶಾಲಿಯಾದನು. ಅವನು ಹೋದರೂ ಮಿಲ್ಲು ನಿಲ್ಲಲಿಲ್ಲ.

ಮುಖಮಂಟಪವು ಅಷ್ಟು ಇಕ್ಕಟ್ಟಾಗಿರುವುದು ಮೋಜಣಿದಾರರ ಫಲ. ಮೆಕ್ಸಿಕೋ ದೇಶದ ಆಡಳಿತದಲ್ಲಿ ಮೊದಲಾಗಿ, 1847ರಲ್ಲಿ ಜಾಸ್ಪರ್ ಓಫಾರೆಲ್ ಎಂಬ ಐರಿಷ್ ಮೋಜಣಿದಾರನು ವಿಸ್ತರಿಸಿದ ನಕ್ಷೆಯಲ್ಲಿ, ನಿವೇಶನದ ಅಳತೆ ಸ್ಪೇನ್ ಜನರ ವಾರಾ ಎಂಬ ಗಜದಿಂದ ಐವತ್ತು, ಎಂದರೆ ನೂರಮೂವತ್ತೇಳೂವರೆ ಅಡಿ ಚೌಕ. ಜನ ಹೆಚ್ಚಿ ಬೆಲೆಯೇರಿದಂತೆ ಈ ಚೌಕಗಳನ್ನು ಇಪ್ಪತ್ತೈದು ಅಡಿ ಅಗಲದ ಪಟ್ಟಿಗಳಾಗಿ ಸೀಳಿದರು. ಇಪ್ಪತ್ತೈದು ಅಡಿಯ ಮೋರೆಯ ನಿವೇಶನದಲ್ಲಿ, ಎಡಬಲಗಳ ಮನೆಗಳು ಹೆಚ್ಚುಕಡಿಮೆ ಗೋಡೆಗೆ ಗೋಡೆ ತಾಗಿ ನಿಂತಿರುವಾಗ, ಬೆಳಕು ಬರಬೇಕಾದುದು ಬೀದಿಯ ಕಡೆಯಿಂದ ಮತ್ತು ಹಿತ್ತಲ ಕಡೆಯಿಂದ ಮಾತ್ರ. ಮಂಜಿನ ಊರಿನಲ್ಲಿ ಬಿಸಿಲೆಂಬುದು ಹೊನ್ನಿಗಿಂತ ದುರ್ಲಭವಾದ ಪದಾರ್ಥವಾದುದರಿಂದ, ಮುಂಭಾಗದಲ್ಲಿ ಮೂರು ಮುಖಗಳುಳ್ಳ ಚಾಚುಗಿಟಕಿಯನ್ನು ಹೊರಕ್ಕೆ ನೂಕಿ, ಮೂರು ದಿಕ್ಕಿನಿಂದ ಬೆಳಕನ್ನು ಹಿಡಿಯುವ ಉಪಾಯವನ್ನು ಅಲ್ಲಿಯ ಕಟ್ಟುವವರು ಕಂಡುಕೊಂಡರು. ಆ ಕಿಟಕಿ ಮೋರೆಯ ಮೂರರಲ್ಲಿ ಎರಡು ಪಾಲನ್ನು ನುಂಗಿತು. ಉಳಿದೊಂದು ಪಾಲಿನಲ್ಲಿ, ಒಂದು ಪಕ್ಕಕ್ಕೆ ಒತ್ತಿಕೊಂಡು, ಬಾಗಿಲೂ ಅದರ ಮುಂದಣ ಮಂಟಪವೂ ನಿಂತುವು. ನೆಲವು ಇಳಿಜಾರಾದುದರಿಂದಲೂ, ಕೆಳಗೆ ನೆಲಮನೆಯನ್ನು ಎತ್ತರಿಸಿ ಕಟ್ಟುತ್ತಿದ್ದುದರಿಂದಲೂ ಮೆಟ್ಟಿಲುಗಳು ಅನಿವಾರ್ಯವಾದುವು. 1873ರಲ್ಲಿ ಆಂಡ್ರ್ಯೂ ಹ್ಯಾಲಿಡಿಯು ಕ್ಲೇ ಬೀದಿಯ ಏರಿನಲ್ಲಿ ಉಕ್ಕಿನ ಹಗ್ಗದಿಂದೆಳೆಯುವ ಗಾಡಿಯನ್ನು ಓಡಿಸಿ ತೋರಿಸಿದ ಬಳಿಕ, ಕುದುರೆಗಳು ಹತ್ತಲಾರದೆ ಬರಿದಾಗಿದ್ದ ಗುಡ್ಡಗಳ ಓರೆಗಳೂ ಮನೆಗಳಿಂದ ತುಂಬಿದುವು. 1870ರಲ್ಲಿ ಒಂದೂವರೆ ಲಕ್ಷದಷ್ಟಿದ್ದ ಜನಸಂಖ್ಯೆ 1900ರಲ್ಲಿ 3,42,782 ಆಯಿತು.

ಈ ಜನಕ್ಕೆಲ್ಲ ಮನೆ ಕಟ್ಟಿದವರು ವಾಸ್ತುಪಂಡಿತರಲ್ಲ, ಬಹುಮಟ್ಟಿಗೆ ವ್ಯಾಪಾರಿಗಳು. ವಿಲಿಯಂ ಹಾಲಿಸ್ ಎಂಬಾತನು ನಡೆಸುತ್ತಿದ್ದ ದಿ ರಿಯಲ್ ಎಸ್ಟೇಟ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯೊಂದೇ 1870ರ ದಶಕದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಮನೆಗಳನ್ನು ಕಟ್ಟಿ, ಕಂತುಗಳ ಮೇಲೆ ಮಾರಿತು. ಒಂದು ಬೀದಿಯಲ್ಲಿ ಹತ್ತು ಮನೆಗಳನ್ನು ಒಟ್ಟಿಗೆ ಎಬ್ಬಿಸುವವನು ಹತ್ತಕ್ಕೂ ಒಂದೇ ನಕ್ಷೆಯನ್ನು ಬಳಸುವುದು ಲೋಕಸಹಜ. ಒಳಗೆ ಹೋದರೆ ಪಕ್ಕದಲ್ಲೊಂದು ಓಣಿ, ಸಾಲಾಗಿ ಎರಡು ಮೂರು ಕೋಣೆಗಳು, ಹಿಂದೆ ಅಡುಗೆಮನೆ: ಒಂದನ್ನು ಕಂಡವನು ಎಲ್ಲವನ್ನೂ ಕಂಡಂತೆ. ಆದರೆ ಕೊಳ್ಳುವವನಿಗೆ ತನ್ನ ಮನೆ ನೆರೆಯವನ ಮನೆಯಂತಿರಬಾರದು. ವ್ಯಾಪಾರದ ಲಾಭವೂ ಗೃಹಸ್ಥನ ಅಭಿಮಾನವೂ ಎದುರುಬದುರಾದ ಈ ಬಿಕ್ಕಟ್ಟನ್ನು ಬಿಡಿಸಿದುದು ಮುಖಮಂಟಪ. ಇಲ್ಲಿ ತ್ರಿಕೋಣದ ಶಿಖೆ, ಅಲ್ಲಿ ಕಮಾನು. ಇಲ್ಲಿ ದುಂಡುಗಂಬ, ಅಲ್ಲಿ ಚೌಕಗಂಬ. ಇಲ್ಲಿ ಸೂರ್ಯ, ಅಲ್ಲಿ ಹೂಮಾಲೆ. ಹತ್ತು ಮನೆಗಳೂ ಒಂದೇ ಆಗಿದ್ದುಕೊಂಡು ಹತ್ತು ಬೇರೆ ಬೇರೆ ಮೋರೆಗಳನ್ನು ಧರಿಸಿದುವು.

ಮೋರೆಯ ಭಾಗಗಳು ಸಿದ್ಧವಾಗುತ್ತಿದ್ದುದು ಮರದ ಮಿಲ್ಲುಗಳಲ್ಲಿ. ಊರಿನ ದಕ್ಷಿಣ ಭಾಗದಲ್ಲಿ, ದಕ್ಕೆಗಳ ಸಮೀಪದಲ್ಲಿ, ಹಡಗಿನಿಂದಿಳಿದ ಹಲಗೆಯು ಹೆಚ್ಚು ದೂರ ಪ್ರಯಾಣ ಮಾಡದೆ ಕೈಗೆ ಬರುವಂತೆ ಇವು ನಿಂತಿದ್ದುವು. ಉಗಿಯ ಶಕ್ತಿಯಿಂದ ತಿರುಗುವ ಲೇತುಗಳಲ್ಲಿ ಕಂಬಗಳೂ ಕಿರುಗಂಬಗಳೂ ಕಡೆದುಬೀಳುತ್ತಿದ್ದುವು. ಸಣ್ಣ ಅಲಗು ಮೇಲೆ ಕೆಳಗೆ ಕುಣಿಯುವ ಯಂತ್ರಗರಗಸಗಳು ಬಳ್ಳಿಯ ಸುರುಳಿಗಳನ್ನು ಹಲಗೆಯಿಂದ ಕತ್ತರಿಸಿ ಕೊಡುತ್ತಿದ್ದುವು. ಗಟ್ಟಿ ದಿಮ್ಮಿಯಿಂದ ಕೆತ್ತಿದಂತೆ ಕಾಣುವ ಮದನಕೈಯನ್ನು ಬಿಚ್ಚಿನೋಡಿದರೆ, ಒಂದೇ ಅಚ್ಚಿನಿಂದ ಕೊಯ್ದ ಮೂರು ನಾಲ್ಕು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಮೊಳೆ ಹೊಡೆದಿರುವುದು ಕಾಣುತ್ತದೆ. ಕಂಬದ ತಲೆಯ ಎಲೆಗಳಲ್ಲಿ ಎಷ್ಟೋ ಮರವೇ ಅಲ್ಲ; ಅಚ್ಚಿನಲ್ಲಿ ಒತ್ತಿ ತೆಗೆದ ಮಿಶ್ರಣದ ತುಣುಕುಗಳು. ಸುತ್ತಲೂ ಬಣ್ಣ ಬಳಿದ ಮೇಲೆ ಯಾರಿಗೆ ತಿಳಿಯಬೇಕು? ಮಿಲ್ಲುಗಳು ಪಟ್ಟಿಗಳನ್ನು ಅಚ್ಚುಹಾಕಿಸಿ, ಇಂತಹ ಚಿತ್ರದ ಇಂತಹ ಅಂಕಿಯ ಮದನಕೈಗೆ ಇಷ್ಟು ಬೆಲೆಯೆಂದು ಗೊತ್ತುಮಾಡಿದ್ದುವು. ಮೇಸ್ತ್ರಿಯು ಪುಟ ತಿರುವಿ ಆರಿಸಿ, ಗಾಡಿಯಲ್ಲಿ ತರಿಸಿ, ನಾಲ್ಕು ದಿನದಲ್ಲಿ ಮಂಟಪವನ್ನು ಜೋಡಿಸಿಬಿಡಬಹುದಾಗಿತ್ತು.

ಆ ಮಿಲ್ಲುಗಳ ಕೆಲಸಗಾರರ ವಿಷಯವನ್ನು ಅಲಂಕಾರದ ಪುಸ್ತಕಗಳು ಬರೆಯುವುದಿಲ್ಲವಾದುದರಿಂದ ಇಲ್ಲಿ ಎರಡು ಮಾತು ಹೇಳುತ್ತೇನೆ. ಮನೆಯ ಬಳಿ ನಿಂತು ಜೋಡಿಸುವ ಬಡಗಿಗೆ ಎಂಟು ಗಂಟೆಯ ದಿನವು ದೊರೆತಿದ್ದರೂ, ಯಂತ್ರದ ಮುಂದೆ ಮರದ ಧೂಳನ್ನು ಕುಡಿಯುತ್ತ ನಿಂತವನಿಗೆ ಒಂಬತ್ತು ಹತ್ತು ಗಂಟೆಯ ದುಡಿಮೆ ತಪ್ಪಿರಲಿಲ್ಲ. 1900ರ ಆಗಸ್ಟಿನಲ್ಲಿ ನಗರದ ಕಟ್ಟಡ ಕಾರ್ಮಿಕರ ಒಕ್ಕೂಟವು, ಪಿ. ಎಚ್. ಮೆಕಾರ್ತಿಯ ನೇತೃತ್ವದಲ್ಲಿ, ಎಂಟು ಗಂಟೆಯನ್ನು ಒಪ್ಪದ ಮಿಲ್ಲಿನ ಮರವನ್ನು ತನ್ನ ಸದಸ್ಯರು ಮುಟ್ಟರೆಂದು ಸಾರಿತು. ಮಾಲೀಕರು ಬಾಗಿಲು ಹಾಕಿದರು. ಒಕ್ಕೂಟದವರು ಅಷ್ಟಕ್ಕೆ ಕೈಚೆಲ್ಲದೆ ತಾವೇ ಒಂದು ಮಿಲ್ಲನ್ನು ತೆರೆದು, ಅಲ್ಲಿಂದ ಮರವನ್ನು ಒದಗಿಸತೊಡಗಿದರು. 1901ರಲ್ಲಿ ಪಂಚಾಯಿತಿ ನಡೆದು, ಎಂಟು ಗಂಟೆಯ ದಿನ ಒಪ್ಪಿತವಾಯಿತು. ಪ್ರತಿಯಾಗಿ, ಹೆಚ್ಚು ಹೊತ್ತು ದುಡಿಸುವ ಹೊರಗಿನ ಮಿಲ್ಲುಗಳ ಮಾಲನ್ನು ನಗರದೊಳಗೆ ಬಳಸುವುದಿಲ್ಲವೆಂದು ಕಾರ್ಮಿಕರು ಮಾತುಕೊಟ್ಟರು. ಕೌತುಕದ ಸಂಗತಿಯೆಂದರೆ, ಈ ಜಯ ಬಂದೊದಗಿದಾಗ ಅಂತಹ ಅಲಂಕಾರದ ಕಾಲವೇ ಮುಗಿಯುತ್ತ ಬಂದಿದ್ದಿತು.

ಇನ್ನು ಶೈಲಿಗಳು. 1870ರ ದಶಕದ ಮನೆಗಳು ಇಟಲಿಯ ಅರಮನೆಗಳ ಅನುಕರಣ. ಮಂಟಪದ ಕಂಬಗಳು ಗ್ರೀಕರ ಕೊರಿಂಥ ಪದ್ಧತಿಯವು, ಮರವನ್ನು ಕಲ್ಲಿನಂತೆ ತೋರಿಸುವುದೇ ಅವುಗಳ ಹವ್ಯಾಸ. ಬಣ್ಣದಲ್ಲಿ ಮರಳನ್ನು ಬೆರಸಿ ಬಳಿದು ಕಲ್ಲಿನ ಒರಟನ್ನು ಕೂಡ ತರುತ್ತಿದ್ದರು. 1880ರ ದಶಕದಲ್ಲಿ ಕೋನಗಳು ಚೌಕವಾದುವು, ಮರವು ಮರವಾಗಿ ಕಾಣತೊಡಗಿತು, ಗುಂಡಿ, ಗೀರು, ಸೂರ್ಯಕಿರಣ ಮೊದಲಾದುವು ಹಲಗೆಯನ್ನೆಲ್ಲ ಮುತ್ತಿದುವು. 1890ರ ದಶಕದಲ್ಲಿ ರಾಣಿ ಆನ್ ಹೆಸರಿನ ಶೈಲಿ ಬಂದು, ಮಾಡಿನ ದೊಡ್ಡ ತ್ರಿಕೋಣ, ಮೀನಿನ ಹುರುಪೆಯಂತಹ ಚಕ್ಕೆಗಳು, ಕಮಾನು, ಕಿರುಗಂಬಗಳ ಜಾಲ ಇವೆಲ್ಲ ಬಂದುವು. ಕೆನಡಾದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾಕ್ಕೆ ಬಂದ ಸ್ಯಾಮ್ಯುಯೆಲ್ ಮತ್ತು ಜೋಸೆಫ್ ಕ್ಯಾಥರ್ ನ್ಯೂಸಮ್ ಸಹೋದರರು 1884ರಲ್ಲಿ ಮನೆಗಳ ಚಿತ್ರಸಂಪುಟವನ್ನು ಪ್ರಕಟಿಸಿ ಈ ಅಭಿರುಚಿಯನ್ನು ಊರೂರಿಗೆ ಹರಡಿದರು. ಯುರೀಕಾ ಪಟ್ಟಣದಲ್ಲಿ ಮರದ ವ್ಯಾಪಾರಿ ವಿಲಿಯಂ ಕಾರ್ಸನ್‌ಗೆ ಅವರು ಕಟ್ಟಿಕೊಟ್ಟ ಮನೆಯು, ಅವನ ಅಂಗಡಿಯ ಮಾಲಿನ ಪ್ರದರ್ಶನವೋ ಎಂಬಂತೆ ಇಂದಿಗೂ ನಿಂತಿದೆ.

1880ರ ದಶಕದ ಆ ಶೈಲಿಗೆ ಕ್ಯಾಲಿಫೋರ್ನಿಯಾದವರು ಇಟ್ಟ ಹೆಸರು ಈಸ್ಟ್‌ಲೇಕ್. ಚಾರ್ಲ್ಸ್ ಲಾಕ್ ಈಸ್ಟ್‌ಲೇಕ್ ಲಂಡನ್ನಿನ ಗಣ್ಯ ವಿಮರ್ಶಕ, ಆ ಕಾಲಕ್ಕೆ ಅಲ್ಲಿಯ ರಾಷ್ಟ್ರೀಯ ಚಿತ್ರಶಾಲೆಯ ಪಾಲಕನಾಗಿದ್ದವನು. 1868ರಲ್ಲಿ ಅವನು ಗೃಹಾಲಂಕಾರವನ್ನು ಕುರಿತು ಬರೆದ ಗ್ರಂಥವು ಬೋಧಿಸಿದುದು ಸರಳತೆಯನ್ನು, ಪ್ರಾಮಾಣಿಕವಾದ ಕೈಗೆಲಸವನ್ನು, ಯಂತ್ರದಿಂದ ಅಗ್ಗವಾಗಿ ಹುಟ್ಟಿದ ಸೊಟ್ಟಪಟ್ಟ ಕೆತ್ತನೆಯ ನಿರಾಕರಣವನ್ನು. ಸಮುದ್ರ ದಾಟುವಾಗ ಉಪದೇಶವು ಎಲ್ಲಿಯೋ ಜಾರಿಬಿದ್ದು, ಗುರುವಿನ ಹೆಸರು ಮಾತ್ರ ದಡ ಸೇರಿತು. ತಾನು ಯಾವುದನ್ನು ಖಂಡಿಸಿದನೋ ಅದಕ್ಕೇ ತನ್ನ ಹೆಸರನ್ನಿಟ್ಟಿರುವರೆಂದು ತಿಳಿದ ಈಸ್ಟ್‌ಲೇಕ್, ಅತಿರೇಕದ ಆ ಕೃತಿಗಳೊಡನೆ ತನ್ನ ಹೆಸರು ಬೆರೆತುದಕ್ಕಾಗಿ ವಿಷಾದವನ್ನು ತೋರಿಸಿ ಬರೆದುದು 1882ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಟ್ಟಡ ಕಸಬಿನ ಪತ್ರಿಕೆಯೊಂದರಲ್ಲಿಯೇ ಪ್ರಕಟವಾಯಿತು. ಕಟ್ಟುವವರು ಓದಿದರೋ ಇಲ್ಲವೋ, ಗರಗಸಗಳಂತೂ ನಿಲ್ಲಲಿಲ್ಲ.

ಈಸ್ಟ್‌ಲೇಕನ ನೋವು ನ್ಯಾಯವಾದುದು. ಅವನ ತೀರ್ಪು ಮಾತ್ರ ಅಷ್ಟು ನ್ಯಾಯವೆಂದು ನನಗೆ ತೋರುವುದಿಲ್ಲ. ಈ ಮಂಟಪಗಳ ಮೇಲೆ ಹೊರಿಸುವ ಅಪರಾಧಗಳು ಮೂರು: ಮರವು ಕಲ್ಲಿನ ವೇಷ ಹಾಕಿತು, ಯಂತ್ರವು ಕೈಯ ವೇಷ ಹಾಕಿತು, ಸಾಮಾನ್ಯನು ಶ್ರೀಮಂತನ ವೇಷ ಹಾಕಿದನು. ಮೊದಲೆರಡು ಆಪಾದನೆಗಳನ್ನು ಕಲಾವಿಮರ್ಶೆಯ ಹೆಸರಿನಲ್ಲಿ ಹೇಳಿದವರ ಮನಸ್ಸನ್ನು ನಿಜವಾಗಿ ಕೆಣಕಿದುದು ಮೂರನೆಯದೆಂಬ ಸಂದೇಹ ನನ್ನದು. ಕಲ್ಲಿನ ದೇವಾಲಯದಲ್ಲಿ ಮರದ ತೊಲೆಯ, ಮರದ ಜಂತಿಯ ಆಕಾರವನ್ನು ಕೆತ್ತಿದ ಶಿಲ್ಪಿಯನ್ನು ವಂಚಕನೆಂದು ಯಾರೂ ಕರೆಯಲಿಲ್ಲ. ಮರದ ಮನೆಯಲ್ಲಿ ಕಲ್ಲಿನ ಆಕಾರವನ್ನು ತಂದ ಬಡಗಿಗೇಕೆ ಆ ಬಿರುದು? ಸಾವಿರ ಮದನಕೈಗಳು ಒಂದೇ ಅಚ್ಚಿನವಾಗಿದ್ದರೂ, ಯಾವುದನ್ನು ಯಾವುದರ ಪಕ್ಕದಲ್ಲಿ ಎಷ್ಟು ಎಡೆಬಿಟ್ಟು ನಿಲ್ಲಿಸಬೇಕೆಂಬುದನ್ನು ಯಂತ್ರವು ಹೇಳಲಿಲ್ಲ. ಅದು ಮೇಸ್ತ್ರಿಯ ಕಣ್ಣಿನ ಕೆಲಸ. ಕೆಲವು ಕಣ್ಣುಗಳು ಮಂದವಾಗಿದ್ದುವೆಂಬುದನ್ನು ಒಪ್ಪುತ್ತೇನೆ. ಕೆಲವು ಮಂಟಪಗಳನ್ನು ನೋಡಿದರೆ ಪಟ್ಟಿಯ ಪುಟವೇ ಹರಿದು ಬಾಗಿಲ ಮೇಲೆ ಬಿದ್ದಂತಿದೆ.

1906ರ ಏಪ್ರಿಲ್ 18ರ ಮುಂಜಾನೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಭೂಮಿ ಕಂಪಿಸಿತು. ನೀರಿನ ಕೊಳವೆಗಳು ಒಡೆದುಹೋಗಿ, ಮೂರು ದಿನ ಉರಿದ ಬೆಂಕಿಯು ಇಪ್ಪತ್ತೆಂಟು ಸಾವಿರ ಕಟ್ಟಡಗಳನ್ನು ಕಬಳಿಸಿತು. ಪಶ್ಚಿಮದಲ್ಲಿ ಅದು ಬಹುಮಟ್ಟಿಗೆ ನಿಂತುದು ನೂರಿಪ್ಪತ್ತೈದು ಅಡಿ ಅಗಲದ ವ್ಯಾನ್ ನೆಸ್ ಹೆದ್ದಾರಿಯಲ್ಲಿ; ಅದಕ್ಕಾಗಿ ಆ ದಾರಿಯ ಪೂರ್ವದಂಡೆಯ ಸಿರಿವಂತರ ಸೌಧಗಳನ್ನು ಸಿಡಿಮದ್ದಿಟ್ಟು ಉರುಳಿಸಬೇಕಾಯಿತು. ದಕ್ಷಿಣದಲ್ಲಿ ಮಿಷನ್ ಪ್ರದೇಶದ ಇಪ್ಪತ್ತನೆಯ ಬೀದಿಯ ಬಳಿ, ಒಣಗದೆ ಉಳಿದಿದ್ದ ಒಂದು ನೀರುಕೊಳಾಯಿಯ ಬಲದಿಂದ ಜನರೇ ಹೋರಾಡಿ ಬೆಂಕಿಯನ್ನು ತಡೆದರು. ಹೀಗೆ ದೈವವು ಎಳೆದ ಗೆರೆಯಿಂದ ಆಚೆಗೆ ವೆಸ್ಟರ್ನ್ ಅಡಿಷನ್ ಮೊದಲಾದ ಬಡಾವಣೆಗಳು ಹಾಗೆಯೇ ಉಳಿದುವು. ನಿರಾಶ್ರಿತರೆಲ್ಲ ಅಲ್ಲಿಗೆ ನುಗ್ಗಿದರು. ಒಂದು ಕುಟುಂಬದ ಮನೆ ನಾಲ್ಕು ಬಿಡಾರಗಳಾಗಿ ಒಡೆಯಿತು. ಬಳಿಕ ಬಂದವರು ಜಪಾನೀಯರು, ಅವರನ್ನು 1942ರಲ್ಲಿ ಯುದ್ಧಕಾಲದ ಬಂಧನಶಿಬಿರಗಳಿಗೆ ಅಟ್ಟಿದ ಮೇಲೆ, ಹಡಗುಕಟ್ಟೆಗಳ ಕೆಲಸಕ್ಕೆಂದು ದಕ್ಷಿಣ ಸಂಸ್ಥಾನಗಳಿಂದ ಬಂದ ಆಫ್ರಿಕನ್ ಅಮೆರಿಕನ್ ಕುಟುಂಬಗಳು. ಬಾಡಿಗೆಯ ಮನೆಗೆ ಬಣ್ಣ ಬಳಿಸುವ ಒಡೆಯನು ಯಾವ ಊರಿನಲ್ಲಿಯೂ ವಿರಳ. ಬಳಿಸಿದರೂ ನೌಕಾಪಡೆಯಲ್ಲಿ ಮಿಕ್ಕ ಬೂದುಬಣ್ಣವನ್ನೇ ಬಳಿಸಿದರೆಂದು ಆ ಊರಿನವರು ಹೇಳುವುದುಂಟು.

ಅಷ್ಟರಲ್ಲಿ ಅಭಿರುಚಿಯೂ ತಿರುಗಿದ್ದಿತು. ಅಲಂಕಾರವೆಂದರೆ ಧೂಳು ಕೂರುವ ಸ್ಥಳ, ನುಣುಪಾದ ಗೋಡೆಯೇ ನಾಗರಿಕತೆಯ ಲಕ್ಷಣ ಎಂಬ ಮಾತು ವಿದ್ವಾಂಸರ ಗ್ರಂಥಗಳಿಂದಿಳಿದು ಮನೆಮನೆಯ ಬಾಗಿಲು ತಟ್ಟುವ ಮಾರಾಟಗಾರನ ಬಾಯಿಗೆ ಬಂದಿತು. ಆಸ್ಬೆಸ್ಟಾಸ್ ಹಲಗೆಯನ್ನೋ ಗಾರೆಯನ್ನೋ ಹೊದಿಸಿದರೆ ಇನ್ನು ಬಣ್ಣದ ಖರ್ಚಿಲ್ಲವೆಂದು ಅವನು ಹೇಳಿದನು. ಹೊದಿಸಬೇಕಾದರೆ ಮೊದಲು ಉಬ್ಬುತಗ್ಗುಗಳನ್ನೆಲ್ಲ ಕಿತ್ತೆಸೆಯಬೇಕು. ಮಂಟಪಗಳ ಕಂಬ, ಬೋದಿಗೆ, ಮದನಕೈಗಳು ಸೌದೆಯಾದುವು. ಮರದ ಮೆಟ್ಟಿಲುಗಳು ಮೊದಲೇ ಕೊಳೆತು ಹೋಗಿ ಇಟ್ಟಿಗೆಯವಕ್ಕೆ ಎಡೆಗೊಟ್ಟಿದ್ದುವು. ಇದು ಒಂದೊಂದು ಮನೆಯ ಕಥೆಯಾದರೆ, 1950 ಮತ್ತು 60ರ ದಶಕಗಳಲ್ಲಿ ನಗರದ ಪುನರ್ನಿರ್ಮಾಣ ಮಂಡಲಿಯು ವೆಸ್ಟರ್ನ್ ಅಡಿಷನ್ನಿನ ಬೀದಿಬೀದಿಗಳನ್ನೇ ಕೊಳೆಗೇರಿಯೆಂದು ಸಾರಿ ಕೆಡವಿತು. ಗಿಯರಿ ಬೀದಿಯನ್ನು ವಾಹನಗಳಿಗಾಗಿ ಹಿಗ್ಗಿಸಿದರು. ಸಾವಿರಾರು ಮಂದಿ ನೆಲೆ ತಪ್ಪಿದರು. ಮಂಟಪಗಳ ನಷ್ಟವನ್ನು ಆ ನಷ್ಟದ ಮುಂದೆ ಎತ್ತಿ ಆಡುವುದು ಮರ್ಯಾದೆಯಲ್ಲ, ಆದರೆ ಎರಡನ್ನೂ ಮಾಡಿದುದು ಒಂದೇ ತಿರಸ್ಕಾರವೆಂಬುದನ್ನು ಹೇಳದೆ ಬಿಡುವುದೂ ಸರಿಯಲ್ಲ. 1974ರಲ್ಲಿ ಪಾರಂಪರ್ಯ ರಕ್ಷಣೆಯ ಸಂಸ್ಥೆಯೊಂದರ ಪ್ರಯತ್ನದಿಂದ ಹನ್ನೆರಡು ಮನೆಗಳನ್ನು ಬುಡಸಮೇತ ಎತ್ತಿ, ಗಾಲಿಗಳ ಮೇಲೆ ಬೇರೆ ಬೀದಿಗಳಿಗೆ ಸಾಗಿಸಿದರು. ಹೋದುವು ಎಷ್ಟೋ, ಉಳಿದುವು ಹನ್ನೆರಡು.

ಅನಾದರಕ್ಕೆ ತದ್ವಿರುದ್ಧವಾದ ಗಾಳಿಯೂ ಆ ವೇಳೆಗೆ ಬೀಸತೊಡಗಿತ್ತು. 1963ರಲ್ಲಿ ಬುಚ್ ಕಾರ್ಡಮ್ ಎಂಬ ಕಲಾವಿದನು ತನ್ನ ಹಳೆಯ ಇಟಾಲಿಯನ್ ಮಾದರಿಯ ಮನೆಗೆ ಗಾಢವಾದ ನೀಲಿ ಹಸಿರುಗಳನ್ನು ಬಳಿದನು. ಬೀದಿಯವರು ಮೊದಲು ನಕ್ಕರು, ಬಳಿಕ ಅನುಕರಿಸಿದರು. 1968ರಲ್ಲಿ ಜೂನಿಯರ್ ಲೀಗ್ ಎಂಬ ಮಹಿಳಾ ಸಂಘವು ಊರಿನ ಹಳೆಯ ಕಟ್ಟಡಗಳ ಸಮೀಕ್ಷೆಯನ್ನು ಪುಸ್ತಕರೂಪದಲ್ಲಿ ಹೊರತಂದಿತು. 1978ರಲ್ಲಿ ಎಲಿಜಬೆತ್ ಪೊಮಾಡಾ ಮತ್ತು ಮೈಕೆಲ್ ಲಾರ್ಸನ್ ಬರೆದ ‘ಪೇಂಟೆಡ್ ಲೇಡೀಸ್’ ಎಂಬ ಪುಸ್ತಕವು ಬಣ್ಣದ ಮನೆಗಳಿಗೆ ಲೋಕವಿಖ್ಯಾತಿಯನ್ನು ತಂದಿತು. ಇಂದು ಪ್ರವಾಸಿಗಳು ಮುತ್ತುವ ಸ್ಟೈನರ್ ಬೀದಿಯ ಮನೆಗಳ ಸಾಲು, 1892ರಿಂದ 1896ರವರೆಗೆ ಮ್ಯಾಥ್ಯೂ ಕ್ಯಾವನಾ ಎಂಬ ಕಟ್ಟುವವನು ಮಾರಾಟಕ್ಕೆಂದು ಎಬ್ಬಿಸಿದ ಸಾಧಾರಣ ಗೃಹಗಳು. ಐದಾರು ಬಣ್ಣಗಳ ಈ ವೈಭವ ಮೂಲದಲ್ಲಿರಲಿಲ್ಲವೆಂದು ಚರಿತ್ರಕಾರರು ಗೊಣಗುವುದುಂಟು. ಅವರ ಮಾತು ನಿಜ. ಮೊದಲಿನ ಮನೆಗಳು ಬಹುಮಟ್ಟಿಗೆ ಬಿಳಿ, ಬೂದು, ಕಂದುಗಳ ಗಂಭೀರ ವೇಷದಲ್ಲಿದ್ದುವು. ಆದರೆ ವೇಷವೇ ಇವುಗಳ ಹುಟ್ಟುಗುಣವಾಗಿರುವಾಗ, ಮತ್ತೊಂದು ವೇಷಕ್ಕೆ ಆಕ್ಷೇಪಣೆ ಏತಕ್ಕೆ?

ಜೀರ್ಣೋದ್ಧಾರದ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ವಿವರವೊಂದಿದೆ. ಆಸ್ಬೆಸ್ಟಾಸಿನ ಹೊದಿಕೆಯನ್ನು ತೆಗೆದಾಗ ಒಳಗಿನ ಹಳೆಯ ಹಲಗೆಯ ಮೇಲೆ, ಕಿತ್ತುಹೋದ ಮದನಕೈಯ, ಕಂಬದ, ಹೂಮಾಲೆಯ ಆಕಾರಗಳು ಬಣ್ಣವಿಲ್ಲದ ಕಲೆಗಳಾಗಿ ಉಳಿದಿರುತ್ತವೆ. ಅಲಂಕಾರವಿದ್ದೆಡೆಯಲ್ಲಿ ಬಣ್ಣ ತಾಗಿಲ್ಲ, ಅದರ ಸುತ್ತ ಪದರ ಪದರವಾಗಿ ದಪ್ಪಗಟ್ಟಿದೆ. ಕೆಲಸಗಾರರು ಆ ಅಂಚನ್ನು ಕಾಗದದ ಮೇಲೆ ಇಳಿಸಿಕೊಂಡು, ಮೊಳೆಯ ತೂತುಗಳನ್ನು ಎಣಿಸಿ, ಪಕ್ಕದ ಮನೆಯಲ್ಲಿ ಅದೇ ಅಚ್ಚಿನದು ಉಳಿದಿದ್ದರೆ ಅಳತೆ ತೆಗೆದು, ಕಳೆದುಹೋದ ಭಾಗವನ್ನು ಮತ್ತೆ ಕೊಯ್ಯುತ್ತಾರೆ. ಒಂದೇ ಅಚ್ಚಿನಿಂದ ಸಾವಿರ ಹುಟ್ಟಿದುದು ದೋಷವೆಂದು ಎಣಿಸಿದ್ದರಲ್ಲವೆ. ಒಂದು ಹೋದರೆ ಮತ್ತೊಂದನ್ನು ನೋಡಿ ಮಾಡಿಕೊಳ್ಳುವ ಸೌಕರ್ಯ ಒದಗಿದುದು ಆ ದೋಷದಿಂದಲೇ.

ಆಕಾರವನ್ನು ಹೀಗೆ ಮರಳಿ ಪಡೆಯಬಹುದು, ಮರವನ್ನು ಪಡೆಯುವುದು ಅಷ್ಟು ಸುಲಭವಲ್ಲ. ಇಡೀ ಊರನ್ನು ಒಮ್ಮೆ ಹಲಗೆಯಿಂದ ಕಟ್ಟಿ, 1906ರ ಬಳಿಕ ಮತ್ತೊಮ್ಮೆ ಕಟ್ಟಿದ ಮೇಲೆ, ಆ ಕರಾವಳಿಯ ಆದಿಕಾಲದ ರೆಡ್‌ವುಡ್ ಅರಣ್ಯದಲ್ಲಿ ನೂರಕ್ಕೆ ಐದರಷ್ಟು ಮಾತ್ರ ಇಂದು ನಿಂತಿದೆ. ಅದರಲ್ಲಿ ಒಂದು ಭಾಗವನ್ನು ರಾಷ್ಟ್ರೀಯ ಉದ್ಯಾನವೆಂದು ಕಾಯ್ದಿಟ್ಟುದು 1968ರಲ್ಲಿ, ಹಳೆಯ ಮನೆಗಳ ಸಮೀಕ್ಷೆ ಪುಸ್ತಕವಾಗಿ ಬಂದ ವರ್ಷದಲ್ಲಿಯೇ. ಕಡಿದ ಕಾಡಿನಲ್ಲಿ ಮತ್ತೆ ಬೆಳೆದ ಎಳೆಮರದ ಉಂಗುರಗಳು ಅಗಲ, ಚೇಗು ಕಡಿಮೆ. ಮಂಜಿನ ತೇವಕ್ಕೆ ಅಂತಹ ಕಂಬದ ಬುಡವು ಹಳೆಯದಕ್ಕಿಂತ ಬೇಗ ಮೆತ್ತಗಾಗುತ್ತದೆ. ಆದುದರಿಂದ ಮಂಟಪವನ್ನು ದುರಸ್ತಿ ಮಾಡಿಸುವ ಜಾಣನಾದ ಮೇಸ್ತ್ರಿಯು ಹೊಸ ಮರದ ಅಡತಿಗೆ ಹೋಗುವ ಮೊದಲು, ಕೆಡವಿದ ಮನೆಗಳ, ನೀರಿನ ಮರದ ತೊಟ್ಟಿಗಳ, ಹಳೆಯ ಕೊಟ್ಟಿಗೆಗಳ ತೊಲೆಗಳನ್ನು ಮಾರುವ ಅಂಗಡಿಯಲ್ಲಿ ವಿಚಾರಿಸುತ್ತಾನೆ.